ಹೊಸದುರ್ಗದಲ್ಲಿ ಅಜ್ಜಿಯನ್ನು ಎತ್ತಿ ತೋರಿಸಿದ ಭಾನುವಾರ

ತಿಂಗಳ ಎರಡನೇ ಭಾನುವಾರ ಬಂತೆಂದರೆ ನಾನು ಬೇಗ ಎದ್ದು, ತಲೆಗೆ ಎರೆದುಕೊಂಡು, ಒಳ್ಳೆಯ ಸೀರೆ ಉಡುತ್ತಿದ್ದೆ. ಆದಿವಾಲದ ನಮ್ಮ ಮನೆಯಲ್ಲಿ ಅದೇ ಒಂದು ಸುದ್ದಿ. ಕುರಿ ಹೊಡೆದುಕೊಂಡು ಹೊರಟ ನನ್ನ ಗಂಡ ಬಾಗಿಲಲ್ಲಿ ನಿಂತು, "ಯಾರ್ದೇ ಮದುವೆ?" ಎಂದು ಕೇಳುತ್ತಿದ್ದ. "ಮೀಟಿಂಗು" ಎಂದರೆ ನಗುತ್ತಿದ್ದ. ಮೀಟಿಂಗು ಇರುವುದು ಪಂಚಾಯಿತಿಯವರಿಗೆ, ಸೊಸೈಟಿಯವರಿಗೆ. ಮುದುಕರ ಹೊಲಸು ಬಳಿಯುವವರಿಗೆ ಎಂಥ ಮೀಟಿಂಗು ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ನಗುವಿನಲ್ಲಿ ಅಷ್ಟೂ ಇತ್ತು.

ನಾನು ಆಗ ಹಿರಿಯೂರಿನಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದೆ. ಬೆಳಿಗ್ಗೆ ಬಸ್ಸು ಹತ್ತಿ ಹೋದರೆ ಸಂಜೆ ವಾಪಸ್ಸು. ಅಜ್ಜಿ ಒಂದು ಕಾಲದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಇಡ್ಲಿ, ಟೀ, ಮಂಡಕ್ಕಿ ಮೆಣಸಿನಕಾಯಿಯ ಸಣ್ಣ ಹೋಟೆಲು ನಡೆಸಿದವಳು. ಗಂಡ ಸತ್ತ ಮೇಲೆ ಅದೇ ಒಲೆಯ ಮೇಲೆ ಒಬ್ಬ ಮಗಳನ್ನು ಓದಿಸಿ ಹೈಸ್ಕೂಲು ಟೀಚರ್ ಮಾಡಿದ್ದಳು. ಈಗ ಆ ಮಗಳ ಮನೆಯಲ್ಲೇ ಇದ್ದಳು. ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಬಾಯಿ ಮಾತ್ರ ಬಸ್ ಸ್ಟ್ಯಾಂಡಿನಲ್ಲಿ ಇದ್ದಂತೆಯೇ ಇತ್ತು. ಅವಳ ಮಂಚ ಬೀದಿ ಕಿಟಕಿಗೆ ಅಂಟಿಕೊಂಡಿತ್ತು. ಧರ್ಮಪುರದ ಬಸ್ಸು ಓಡಿಸಿ ರಿಟೈರಾದ ಡ್ರೈವರುಗಳು, ತರಕಾರಿಯವಳು, ಶಾಲೆಗೆ ಹೋಗುವ ಮಕ್ಕಳು, ಯಾರು ಹೋದರೂ ಅಜ್ಜಿ ಒಳಗಿನಿಂದಲೇ ಕೂಗಿ ನಿಲ್ಲಿಸುತ್ತಿದ್ದಳು. "ಏನಪ್ಪ, ನೋಡದಂಗೆ ಹೋಗ್ತೀಯ, ಹಳೇ ಟೀ ಬಾಕಿ ಕೇಳ್ತಾಳೆ ಅಂತ ಹೆದ್ರಿಕೇನ?" ಎಂದರೆ ಅವರು ನಕ್ಕು, ಸರಳು ಹಿಡಿದು ನಿಂತು ಮಾತಾಡಿ ಹೋಗುತ್ತಿದ್ದರು.

ಈ ಕೆಲಸದಲ್ಲಿ ಬೆನ್ನುನೋವಿಗಿಂತ ದೊಡ್ಡ ಕಷ್ಟ, ಮಾತಾಡಲು ಜನವಿಲ್ಲದಿರುವುದು. ನಾನು ನೋಡಿಕೊಂಡ ಮನೆಗಳಲ್ಲೆಲ್ಲ ನಾನೊಬ್ಬಳೇ. ಬೆನ್ನಿನಲ್ಲಿ ಹುಣ್ಣು ಏಳುವ ಮುಂಚೆ ಚರ್ಮ ಹೇಗೆ ಕೆಂಪಾಗುತ್ತದೆ, ಊಟ ಗಂಟಲಿಗೆ ಸಿಕ್ಕಿಕೊಂಡರೆ ಏನು ಮಾಡಬೇಕು, ರೇಗಿ ಹೊಡೆಯಲು ಬರುವ ಮುದುಕರನ್ನು ಹೇಗೆ ಸಮಾಧಾನ ಮಾಡಬೇಕು, ಇದನ್ನೆಲ್ಲ ಯಾರನ್ನು ಕೇಳುವುದು? ಚಿತ್ರದುರ್ಗದ ಒಬ್ಬ ಫಿಸಿಯೋಥೆರಪಿ ಡಾಕ್ಟರಮ್ಮ ಅಜ್ಜಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದರು. ಅವರೇ ನಮ್ಮಂಥವರನ್ನೆಲ್ಲ ಸೇರಿಸಿ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿದರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ನಾಲ್ಕೂ ಕಡೆಯವರು ಇದ್ದರು. ತಿಂಗಳಿಗೊಮ್ಮೆ, ಹೆಚ್ಚಾಗಿ ಚಿತ್ರದುರ್ಗದ ಅವರ ಕ್ಲಿನಿಕ್ಕಿನ ಹಿಂದಿನ ಹಾಲಿನಲ್ಲಿ, ಆಗಾಗ ಬೇರೆ ಊರುಗಳಲ್ಲಿ ಸೇರುತ್ತಿದ್ದೆವು.

ಮೊದಲ ಸಲ ಹೋದಾಗ ಬಾಗಿಲಲ್ಲಿ ನಿಂತವರೊಬ್ಬರು "ಬರ್ರಿ ಸಿಸ್ಟರ್, ಕುಂತ್ಕಳ್ರಿ" ಎಂದರು. ಅಲ್ಲಿಯವರೆಗೆ ನಾನು "ಕೆಲಸದವಳು" ಆಗಿದ್ದೆ, "ಆಯಾ" ಆಗಿದ್ದೆ. ಕುರ್ಚಿಯ ಮೇಲೆ ಕೂತು ಬೇರೆಯವರು ತಂದುಕೊಟ್ಟ ಟೀ ಕುಡಿದೆ. ಕಿಟಕಿಯಾಚೆ ಜೋಗಿಮಟ್ಟಿಯ ಕಡೆಯ ಗುಡ್ಡಕ್ಕೆ ಮೋಡ ಕವಿದಿತ್ತು. ಹೊಸದುರ್ಗದವರು, ಹೊಳಲ್ಕೆರೆಯವರು ತಮ್ಮ ತಮ್ಮ ಮುದುಕರ ಕಥೆ ಹೇಳಿ ನಗುತ್ತಿದ್ದರು, ಒಂದಿಬ್ಬರು ಅತ್ತರು. ನನಗೆ ತವರಿಗೆ ಹೋದಂತಾಯಿತು.

ಅಂದು ಸಂಜೆ ಬಸ್ಸಿನಲ್ಲಿ ಕೂತಾಗ ನೆನಪಾಯಿತು, ಇಡೀ ದಿನ ನಾನು ಅಜ್ಜಿಯನ್ನು ಒಮ್ಮೆಯೂ ನೆನೆಸಿರಲಿಲ್ಲ. ಅವಳ ವಿಷಯ ಎಷ್ಟೋ ಮಾತಾಡಿದ್ದೆ. ಅವಳು ಉಂಡಳೋ ಇಲ್ಲವೋ ಎಂದು ಮಾತ್ರ ಯೋಚಿಸಿರಲಿಲ್ಲ. ಆದರೂ ಮುಂದಿನ ತಿಂಗಳಿಗೆ ಕಾಯತೊಡಗಿದೆ.

ನಾನು ಇಲ್ಲದ ಭಾನುವಾರಗಳಿಗೂ ಗುಂಪೇ ದಾರಿ ಮಾಡಿಕೊಟ್ಟಿತು. ಧರ್ಮಪುರದ ಕಡೆಯ, ತೆಲುಗು ಮನೆಮಾತಿನ ಒಬ್ಬಳು ಹಿರಿಯೂರಿನಲ್ಲೇ ಬಾಡಿಗೆಗಿದ್ದು ಇದೇ ಕೆಲಸ ಮಾಡುತ್ತಿದ್ದಳು. ಒಂದು ತಿಂಗಳು ನಾನು ಮೀಟಿಂಗಿಗೆ ಹೋದರೆ ಅವಳು ಅಜ್ಜಿಯನ್ನು ನೋಡಿಕೊಳ್ಳುವುದು, ಇನ್ನೊಂದು ತಿಂಗಳು ಅವಳು ಹೋದರೆ ಅವಳ ಮನೆಯ ತಾತನನ್ನು ನಾನು ನೋಡಿಕೊಳ್ಳುವುದು ಎಂದು ಮಾತಾಯಿತು. ಆಮೇಲೆ ನನಗೆ ಮೀಟಿಂಗಿನ ರುಚಿ ಎಷ್ಟು ಹತ್ತಿತೆಂದರೆ ಅವಳ ಸರದಿಯನ್ನೂ ನಾನೇ ಕೇಳಿ ಪಡೆದುಕೊಳ್ಳುತ್ತಿದ್ದೆ. "ಪರವಾಲೇದು ಅಕ್ಕ, ನೀನು ಹೋಗು. ನನ್ಗೆ ಅಷ್ಟು ಮಾತು ಬರಲ್ಲ" ಎನ್ನುತ್ತಿದ್ದಳು.

ಡಾಕ್ಟರಮ್ಮ ಮುಖ್ಯವಾಗಿ ಕಲಿಸುತ್ತಿದ್ದುದು ಎತ್ತುವುದನ್ನು. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ. ಕಂಕುಳಿಗೆ ಕೈಹಾಕಿ ಎಳೆಯಬಾರದು, ಬಿದ್ದುಹೋದ ಕೈ ಹಿಡಿದು ಜಗ್ಗಬಾರದು. ಸೊಂಟ ಬಗ್ಗಿಸದೆ ಮಂಡಿ ಮಡಿಸಿ, ಅವರನ್ನು ನಮ್ಮ ಮೈಗೆ ಒತ್ತಿಕೊಂಡು ಏಳಬೇಕು. ನಾವು ಒಬ್ಬರನ್ನೊಬ್ಬರು ಎತ್ತಿ ಅಭ್ಯಾಸ ಮಾಡುತ್ತಿದ್ದೆವು. ನನಗೆ ಅದು ಬೇಗ ಕೈಗೆ ಹತ್ತಿತು. ಬೇರೆಯವರಿಗೆ ತೋರಿಸಲು ಡಾಕ್ಟರಮ್ಮ ನನ್ನನ್ನೇ ಕರೆಯತೊಡಗಿದರು.

ಅಜ್ಜಿಗೆ ಬಂದು ಎಲ್ಲವನ್ನೂ ವರದಿ ಒಪ್ಪಿಸಬೇಕಿತ್ತು. ಒಂದು ದಿನ ಅವಳು ಕೇಳಿದಳು: "ಅಲ್ಲೇ, ಅಲ್ಲಿ ರೋಗಿ ಯಾರಾಗ್ತಾರೆ?"

"ನಾವೇ ಆಗ್ತೀವಿ. ಒಬ್ರು ಮಲಕ್ಕಂತಾರೆ, ಒಬ್ರು ಎತ್ತುತಾರೆ."

"ಕೈಕಾಲು ನೆಟ್ಟಗಿರೋರ್ನ ಎತ್ತಿದ್ರೆ ಏನು ಬಂತು? ಅವ್ರು ತಾವೇ ಏಳ್ತಾರೆ. ನನ್ನ ಕರ್ಕಂಡು ಹೋಗು. ನಾನೈದೀನಲ್ಲ, ಅಸಲಿ ಮಾಲು."

ತಮಾಷೆ ಎಂದುಕೊಂಡೆ. ಆದರೆ ಅವಳು ಬಿಡಲಿಲ್ಲ. ಮಂಚ ಬಿಟ್ಟು ಎಷ್ಟೋ ಕಾಲವಾಗಿದೆ, ಬಸ್ಸಿನ ಸದ್ದು ಕೇಳಿದರೆ ಜೀವ ಎಳೆಯುತ್ತದೆ ಎಂದಳು. ಮುಂದಿನ ಮೀಟಿಂಗು ಹೊಸದುರ್ಗದಲ್ಲಿತ್ತು. ಮಾರಿಕಣಿವೆ ಅಣೆಕಟ್ಟಿನ ದಾರಿಯಲ್ಲಿ ಹೋಗಬಹುದು ಎಂದಾಗ ಅವಳ ಮುಖ ಅರಳಿತು. ಡಾಕ್ಟರಮ್ಮನನ್ನು ಕೇಳಿದೆ. "ಅಜ್ಜಿಗೆ ನಿಜವಾಗಲೂ ಇಷ್ಟ ಇದೆಯಾ? ಮಗಳು ಒಪ್ಪಿದ್ದಾರಾ?" ಎಂದು ಎರಡೆರಡು ಸಲ ಕೇಳಿ ಆಗಲಿ ಎಂದರು. ಅಜ್ಜಿಯ ಮಗಳು ಟೀಚರ್‌ಗೆ ಅಂದು ಭಾನುವಾರವಾದರೂ ಯಾವುದೋ ಸರ್ಕಾರಿ ನೇಮಕಾತಿ ಪರೀಕ್ಷೆಯ ಡ್ಯೂಟಿ ಇತ್ತು. ತಾವು ಬರಲಾಗದು ಎಂದು ಪೇಚಾಡಿಕೊಂಡು, ಪರಿಚಯದವರ ಕಾರು ಗೊತ್ತುಮಾಡಿಕೊಟ್ಟರು. ಹೊರಡುವ ಮುನ್ನ ಒಂದೇ ಮಾತು ಹೇಳಿದರು. "ಅಮ್ಮ ಹೋಟ್ಲಲ್ಲಿ ಅಷ್ಟು ಗಂಡಸ್ರ ಮಧ್ಯ ಇದ್ರೂ ಒಂದು ದಿನ ಸೆರಗು ಜಾರಿದ್ದಿಲ್ಲ. ಸೀರೆ ಸರಿಯಾಗಿ ಉಡಿಸಿ ಕರ್ಕೊಂಡು ಹೋಗಿ."

ಉಡಿಸಿದೆ. ಹಸಿರು ಅಂಚಿನ ಸೀರೆ, ತಲೆಗೆ ಎಣ್ಣೆ ಹಚ್ಚಿ ಗಂಟು, ಹಣೆಗೆ ವಿಭೂತಿ. ದಾರಿಯುದ್ದಕ್ಕೂ ಅವಳು ಕಣ್ಣು ಮುಚ್ಚಲಿಲ್ಲ. ಕಣಿವೆಯ ನೀರು ದೂರದಿಂದ ಹೊಳೆದಾಗ ಕಾರು ನಿಲ್ಲಿಸಲು ಹೇಳಿ ನೋಡಿದಳು. ಗುಡ್ಡದ ಮೇಲಿನ ಗಾಳಿಗಿರಣಿಗಳನ್ನು ಕಂಡು, "ಇವನ್ನ ಯಾವಾಗ ನೆಟ್ರೇ? ಇಷ್ಟೊಂದು ಅವೆ" ಎಂದು ಬೆರಗಾದಳು. ಕಾರು ಓಡಿಸುತ್ತಿದ್ದವನಿಗೆ ಯಾವ ತಿರುವಿನಲ್ಲಿ ಯಾವ ಬಸ್ಸು ಕೆಟ್ಟು ನಿಲ್ಲುತ್ತಿತ್ತೆಂದು ಹೇಳಿದಳು. ಅವತ್ತು ಅಷ್ಟು ಹೊತ್ತಿನವರೆಗೆ ನಾನು ಮಾಡಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಈಗಲೂ ಆ ದಾರಿಯನ್ನು ನೆನೆಸಿಕೊಂಡರೆ ಸಂತೋಷವಾಗುತ್ತದೆ.

ಹೊಸದುರ್ಗದಲ್ಲಿ ಒಂದು ಛತ್ರದ ಊಟದ ಹಾಲಿನಲ್ಲಿ ಮಂಚ ಹಾಕಿದ್ದರು. ಅಜ್ಜಿ ಬಂದ ಕೂಡಲೇ ಎಲ್ಲರೂ ಸುತ್ತ ನೆರೆದರು. ಎತ್ತಿ ತೋರಿಸಬೇಕಾದಾಗ ತೊಡಕಾಯಿತು. ಸೀರೆಯಿದ್ದರೆ ಕಾಲು ಎಲ್ಲಿ ಮಡಿಸಿದೆ, ನನ್ನ ಮಂಡಿ ಅವಳ ಮಂಡಿಗೆ ಎಲ್ಲಿ ಒತ್ತಿದೆ ಎಂಬುದು ಹಿಂದೆ ನಿಂತವರಿಗೆ ಕಾಣುವುದಿಲ್ಲ. ಬದಲಿಗೆಂದು ಚೀಲದಲ್ಲಿ ಒಂದು ನೈಟಿ ತಂದಿದ್ದೆ.

"ಅಜ್ಜಿ, ನೈಟಿ ಹಾಕ್ಲಾ? ಇವ್ರಿಗೆ ಸರಿಯಾಗಿ ಕಾಣ್ತೈತೆ."

ಅವಳು ಸುತ್ತ ನೋಡಿದಳು. ಗಂಡಸರೂ ಮೂರ್ನಾಲ್ಕು ಜನ ಇದ್ದರು. "ಹಾಕು, ಏನೀಗ. ಕಲಿಯಾಕೆ ಬಂದವ್ರೆ" ಎಂದಳು. ಅವಳು ನೋಡಿದ ನೋಟವನ್ನು ನಾನು ಕಂಡಿದ್ದೆ. ಆದರೆ ಅವಳ ಬಾಯಲ್ಲಿ ಬಂದ ಒಪ್ಪಿಗೆಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡೆ. ಪರದೆ ಕಟ್ಟಿ ಬದಲಾಯಿಸಿದೆವು.

ಆಮೇಲಿನದು ಅವಳದೇ ಪಾಠ. ನಾನು ಎತ್ತಿದೆ, ಕೂರಿಸಿದೆ, ಮಲಗಿಸಿದೆ. ನಂತರ ಬೇರೆಯವರು ಒಬ್ಬೊಬ್ಬರಾಗಿ ಬಂದರು. "ಲೇ, ನಿನ್ನ ಕೈ ಐಸಿನಂಗೈತೆ, ಉಜ್ಜಿ ಬೆಚ್ಚಗೆ ಮಾಡ್ಕಂಡು ಬಾ." "ಹೇಳದಂಗೆ ಎತ್ತಬ್ಯಾಡ, ನನ್ನೆದೆ ಧಸಕ್ಕಂತೈತೆ. ಎತ್ತತೀನಿ ಅನ್ನು, ಆಮೇಲೆ ಎತ್ತು." "ಇವನು ಪರವಾಗಿಲ್ಲ, ಅಕ್ಕಿ ಮೂಟೆ ಹೊತ್ತವನಂಗವ್ನೆ." ಎಲ್ಲರೂ ಬಿದ್ದು ಬಿದ್ದು ನಕ್ಕರು. ಡಾಕ್ಟರಮ್ಮನೂ ನಕ್ಕರು. ಅಷ್ಟು ಚೆನ್ನಾಗಿ ಯಾವ ತರಬೇತಿಯೂ ಆಗಿರಲಿಲ್ಲ.

ನಾನು ಇನ್ನೊಮ್ಮೆ ಎತ್ತಿ ತೋರಿಸುತ್ತಿದ್ದಾಗ ಹೊಳಲ್ಕೆರೆಯ ಒಬ್ಬರು ಫೋನು ಎತ್ತಿ ಹಿಡಿದಿದ್ದರು. ವಿಡಿಯೋ ಮಾಡುತ್ತಿದ್ದಾರೆಂದು ನನಗೆ ಗೊತ್ತಾಯಿತು. ಬೇಡ ಎನ್ನಲಿಲ್ಲ. ನನ್ನ ಕೈ, ನನ್ನ ಮಂಡಿ ಸರಿಯಾಗಿ ಕಾಣಲಿ ಎಂದು ಸ್ವಲ್ಪ ಪಕ್ಕಕ್ಕೆ ತಿರುಗಿದೆ. ಹಾಗೆ ತಿರುಗಿದಾಗ ಅಜ್ಜಿಯ ಮೈ ಪೂರ್ತಿ ಫೋನಿನ ಕಡೆಗೆ ಬಂತು. ಅದೊಂದು ಚಲನೆ ನನಗೆ ಇವತ್ತಿಗೂ ಮೈಯಲ್ಲಿ ಉಳಿದಿದೆ.

ವಿಡಿಯೋ ಅಂದೇ ಗುಂಪಿಗೆ ಬಂತು. ಅಲ್ಲಿಂದ ಎಲ್ಲೆಲ್ಲಿಗೋ ಹೋಯಿತು. ಗೊತ್ತಿಲ್ಲದ ನಂಬರುಗಳಿಂದ ಕೈಮುಗಿಯುವ ಚಿತ್ರಗಳು, "ತುಂಬಾ ಉಪಯೋಗವಾಯ್ತು ಸಿಸ್ಟರ್" ಎಂಬ ಸಂದೇಶಗಳು ಬರತೊಡಗಿದವು. ನನ್ನ ಗಂಡನೂ ನೋಡಿದ. ಆ ಸಲ ಅವನು ನಗಲಿಲ್ಲ. ಕುರಿಹಟ್ಟಿಯಲ್ಲಿ ತನ್ನ ಜೊತೆಯವರಿಗೂ ತೋರಿಸಿದನಂತೆ. ಸ್ವಲ್ಪ ದಿನಕ್ಕೆ ಚಿತ್ರದುರ್ಗದ ಒಂದು ತರಬೇತಿ ಕೇಂದ್ರದಿಂದ ಫೋನು ಬಂತು. ಮುದುಕರ ಆರೈಕೆ ಕಲಿಯುವವರಿಗೆ ಕಲಿಸಲು ಬರುತ್ತೀರಾ, ನಿಮ್ಮ ವಿಡಿಯೋ ನೋಡಿದೆವು ಎಂದರು. ಯೋಚಿಸಿ ಹೇಳುತ್ತೇನೆ ಎಂದೆ. ಅಜ್ಜಿಗೆ ಹೇಳಲಿಲ್ಲ. ಅವಳ ಕಾಲು ಒರೆಸುತ್ತ ಒರೆಸುತ್ತಲೇ ನಾಲ್ಕು ಜನರ ಮುಂದೆ ನಿಂತು ಹೇಗೆ ಶುರುಮಾಡಬೇಕೆಂದು ಮನಸ್ಸಿನಲ್ಲೇ ಆಡಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಟೀಚರ್ ಶಾಲೆಯಿಂದ ಬೇಗ ಬಂದರು. ಚಪ್ಪಲಿ ಬಿಟ್ಟವರು ಒಳಗೆ ಬರದೆ ನಡುಮನೆಯಲ್ಲೇ ಕೂತರು. ಸ್ಟಾಫ್ ರೂಮಿನಲ್ಲಿ ಬೇರೆ ಟೀಚರೊಬ್ಬರು ಫೋನು ತೋರಿಸಿ, "ಇವರು ನಿಮ್ಮ ಅಮ್ಮ ಅಲ್ವಾ?" ಎಂದು ಕೇಳಿದ್ದರು. ಬೇರೆಯವರೂ ಬಗ್ಗಿ ನೋಡಿದ್ದರು.

"ಸೀರೆ ಉಡಿಸಿ ಅಂತ ಹೇಳಿದ್ದೆ" ಎಂದರು ಟೀಚರ್. ಅವರ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು.

"ಉಡಿಸಿಯೇ ಕರ್ಕೊಂಡು ಹೋಗಿದ್ದೆ ಮೇಡಂ. ಅಲ್ಲಿ…"

"ಗೊತ್ತಾಯ್ತು. ನೈಟಿ ಮಂಡಿ ತನಕ ಮೇಲೆ ಸರಿದಿದೆ. ನನಗೇ ಅಮ್ಮ ಕಾಲು ತೋರಿಸಲ್ಲ. ನಾನು ಸ್ನಾನ ಮಾಡಿಸ್ತೀನಿ ಅಂದ್ರೆ ಬೇಡ, ಅವಳು ಬರಲಿ ಅಂತ ನಿಮಗೆ ಕಾಯ್ತಾಳೆ."

ಅಷ್ಟರಲ್ಲಿ ಒಳಗಿನಿಂದ ಅಜ್ಜಿ ಕೂಗಿದಳು. "ಏನೇ ಅದು? ನಂದೇನೋ ಫಿಲಮ್ ಬಂದೈತಂತೆ? ತಾ ಇಲ್ಲಿ, ನೋಡಾಣ."

ಟೀಚರ್ ಬೇಡವೆಂದು ತಲೆಯಾಡಿಸಿದರು. ಅಜ್ಜಿ ಮತ್ತೆ ಮತ್ತೆ ಕೂಗಿದಳು. ಕೊನೆಗೆ ಟೀಚರೇ ಎದ್ದುಹೋಗಿ ಫೋನನ್ನು ಅವಳ ಬಲಗೈಗೆ ಕೊಟ್ಟರು. ನಾನು ಮಂಚದ ಪಕ್ಕ ನಿಂತಿದ್ದೆ. ಅಜ್ಜಿ ಮೊದಲು ನಗುತ್ತಲೇ ನೋಡಿದಳು. ನನ್ನನ್ನು ಕಂಡು, "ನೀನು ಚೆಂದ ಕಾಣ್ತೀಯ" ಎಂದಳು. ಆಮೇಲೆ ಫೋನನ್ನು ಕಣ್ಣಿನ ಹತ್ತಿರ ತಂದಳು.

"ಈ ಮುದುಕಿ ಯಾರೇ?"

ಅಜ್ಜಿಯ ಬುದ್ಧಿಗೆ ಏನೂ ಆಗಿರಲಿಲ್ಲ. ಮಂಚ ಹಿಡಿದ ಮೇಲೆ ಅವಳು ತನ್ನ ಮೈಯನ್ನು ಪೂರ್ತಿಯಾಗಿ ನೋಡಿಕೊಂಡಿರಲಿಲ್ಲ, ಅಷ್ಟೇ. ಬೈತಲೆ ತೆಗೆಯುವಾಗ ಹಿಡಿಯುವ ಅಂಗೈಯಗಲದ ಕನ್ನಡಿಯಲ್ಲಿ ಮುಖ ಮಾತ್ರ ಕಾಣುತ್ತಿತ್ತು. ಬಾಗಿಲಗಲದ ಹೆಂಗಸಾಗಿದ್ದವಳು, ಹಂಡೆ ನೀರು ಒಬ್ಬಳೇ ಎತ್ತಿ ಒಲೆಗಿಡುತ್ತಿದ್ದವಳು. ತಾನು ಇನ್ನೂ ಹಾಗೇ ಇದ್ದೇನೆಂದು, ಒಂದು ಕೈ ಒಂದು ಕಾಲು ಮಾತ್ರ ಕೆಟ್ಟಿದೆಯೆಂದು ತಿಳಿದಿದ್ದಳು.

"ನಾನೇ?" ಎಂದಳು ಸ್ವಲ್ಪ ಹೊತ್ತಿನ ಮೇಲೆ. "ಇಷ್ಟೇ ಆಗಿದೀನ?"

ಫೋನನ್ನು ಹೊದಿಕೆಯ ಮೇಲೆ ಬೋರಲು ಹಾಕಿದಳು. ಯಾರನ್ನೂ ಬೈಯಲಿಲ್ಲ. ಸಂಜೆ ಟೀ ಬೇಡವೆಂದಳು. ಮರುದಿನ ಬೆಳಿಗ್ಗೆ ನಾನು ಹೋದಾಗ ಕಿಟಕಿಗೆ ಪರದೆ ಎಳೆದಿತ್ತು. "ಬಿಸ್ಲು ಕಣ್ಣಿಗೆ ಹೊಡೀತೈತೆ" ಎಂದಳು. ಆ ಕಿಟಕಿಗೆ ಬೆಳಗಿನ ಬಿಸಿಲು ಬೀಳುವುದಿಲ್ಲ. ಹೊರಗೆ ಯಾರೋ ಹಳೆಯ ಡ್ರೈವರು, "ಅಮ್ಮ, ಐದೀಯ?" ಎಂದು ಕೂಗಿದರು. ಅಜ್ಜಿ ನನ್ನ ಕಡೆ ನೋಡಿ, ಮಲಗಿದ್ದಾಳೆಂದು ಹೇಳು ಎಂದು ಸನ್ನೆ ಮಾಡಿದಳು. ನಾನು ಹೋಗಿ ಹೇಳಿ ಬಂದೆ. ಅಂಥ ಸುಳ್ಳುಗಳನ್ನು ಆಮೇಲೆ ಎಷ್ಟೋ ಹೇಳಿದೆ.

ಮುಂದಿನ ಮೀಟಿಂಗು ಹೊಳಲ್ಕೆರೆಯಲ್ಲಿ. ಒಳ್ಳೆಯ ಸೀರೆ ಉಡುವ ಮನಸ್ಸಾಗಲಿಲ್ಲ. ನಡೆದುದನ್ನು ಎಲ್ಲರೆದುರು ಹೇಳಿ, ವಿಡಿಯೋ ಅಳಿಸಿಬಿಡಿ ಎಂದು ಕೇಳಿಕೊಂಡೆ. ಡಾಕ್ಟರಮ್ಮ, "ನಾನೂ ಅಲ್ಲೇ ಇದ್ದೆ. ನಾನು ತಡೆಯಬೇಕಿತ್ತು" ಎಂದು ತಮ್ಮ ಫೋನು ತೆಗೆದು ಮೊದಲು ಅಳಿಸಿದರು. ವಿಡಿಯೋ ತೆಗೆದಿದ್ದವರು ಮುಖ ಸಣ್ಣದು ಮಾಡಿಕೊಂಡು, ಯಾರ್ಯಾರಿಗೆ ಕಳಿಸಿದ್ದೆನೋ ಅವರಿಗೆಲ್ಲ ಹೇಳುತ್ತೇನೆಂದರು. ಅಂದಿನಿಂದ ಅಭ್ಯಾಸದ ಹೊತ್ತಿನಲ್ಲಿ ಫೋನುಗಳೆಲ್ಲ ಬಾಗಿಲ ಪಕ್ಕದ ಬುಟ್ಟಿಯಲ್ಲಿರಬೇಕು ಎಂದಾಯಿತು.

ಹೊರಡುವಾಗ ಹೊಳಲ್ಕೆರೆ ಕಡೆಯ ಹಳ್ಳಿಯವರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಅಕ್ಕ, ಒಂದು ಮಾತು. ನಮ್ಮಪ್ಪನ್ನ ಎತ್ತುವಾಗೆಲ್ಲ ಅವ್ನು ನೋವಿಗೆ ಕಿರುಚ್ತಿದ್ದ. ನಿಮ್ಮ ವಿಡಿಯೋ ನೋಡಿ ಹಂಗೇ ಎತ್ತಿದೆ. ಈಗ ಕಿರುಚಲ್ಲ. ನೀವು ಅಷ್ಟು ಬ್ಯಾಸರ ಮಾಡ್ಕಬ್ಯಾಡ್ರಿ." ಅವರ ಮಾತಿನಿಂದ ಎದೆಯ ಭಾರ ಅರ್ಧ ಇಳಿದಂತಾಯಿತು. ಬಸ್ಸು ಹತ್ತಿದ ಮೇಲೆ, ಹಾಗೆ ಇಳಿದುದಕ್ಕೇ ನಾಚಿಕೆಯಾಯಿತು. ಅವರ ತಂದೆಗೆ ನೋವು ಕಮ್ಮಿಯಾದದ್ದು ನಿಜ. ಅದರಿಂದ ನಮ್ಮ ಅಜ್ಜಿಗೆ ಏನು ಬಂತು?

ತರಬೇತಿ ಕೇಂದ್ರದ ಮಾತನ್ನು ಕೊನೆಗೆ ಟೀಚರ್‌ಗೆ ಹೇಳಿದೆ. ನಾನು ಹೋಗುವುದಿಲ್ಲ, ಇಲ್ಲೇ ಇರುತ್ತೇನೆ ಎಂದೂ ಸೇರಿಸಿದೆ. ಅವರು ಸ್ವಲ್ಪ ಯೋಚಿಸಿ, "ಹೋಗಿ. ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಆದರೆ ನಿಮ್ಮನ್ನು ಕಂಡಾಗೆಲ್ಲ ಅದೇ ನೆನಪಾಗುತ್ತೆ. ಅಮ್ಮನಿಗೂ ಹಾಗೇ ಇರಬಹುದು" ಎಂದರು. ನ್ಯಾಯವಾದ ಮಾತು. ಧರ್ಮಪುರದ ಕಡೆಯವಳನ್ನೇ ನನ್ನ ಜಾಗಕ್ಕೆ ಗೊತ್ತುಮಾಡಿದೆವು. ಅವಳು ನೋಡಿಕೊಳ್ಳುತ್ತಿದ್ದ ತಾತ ಮಗನ ಊರಿಗೆ ಹೋಗಿದ್ದರು.

ಅಜ್ಜಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ. "ನನ್ನ ಎತ್ತಿದ್ದು ನೋಡೇ ಕರೆದ್ರಾ?"

"ಹೂಂ ಅಜ್ಜಿ."

"ಹೋಗಿ ಬಾ. ನಿಂಗೂ ವಯಸ್ಸಾಗ್ತೈತೆ. ಬೆನ್ನು ಬೀಳಾಕೆ ಮುಂಚೆ ಕುರ್ಚಿ ಸಿಕ್ಕಿದ್ದು ಒಳ್ಳೇದೇ." ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. ನಾನು ಕಾಲು ಮುಟ್ಟಲು ಬಗ್ಗಿದೆ. ಅವಳು ಹೊದಿಕೆಯನ್ನು ಪಾದದ ತನಕ ಎಳೆದುಕೊಂಡಳು.

ಚಿತ್ರದುರ್ಗದ ಕೆಲಸ ಚೆನ್ನಾಗಿದೆ. ಹೆಣ್ಣುಮಕ್ಕಳು ಬರುತ್ತಾರೆ, ಕೆಲವರು ಗಂಡಸರೂ ಬರುತ್ತಾರೆ. ಎತ್ತುವುದನ್ನು ಕಲಿಸುವ ಮುಂಚೆ, ಬಾಗಿಲು ಹಾಕುವುದನ್ನು, ಮೈ ಮುಚ್ಚುವುದನ್ನು, ಕೇಳಿ ಮುಟ್ಟುವುದನ್ನು ಕಲಿಸುತ್ತೇನೆ. "ಹೂಂ ಅಂದ್ರೂ ಅವ್ರ ಕಣ್ಣು ಯಾವ ಕಡೆ ಹೋಯ್ತು ಅಂತ ನೋಡ್ರಿ" ಎನ್ನುತ್ತೇನೆ. ಅದನ್ನು ನಾನು ಯಾರಿಂದ ಕಲಿತೆ ಎಂದು ಹೇಳುವುದಿಲ್ಲ. ಹೇಳಿದರೆ ಅವಳನ್ನು ಮತ್ತೊಮ್ಮೆ ಜನರ ಮುಂದೆ ತಂದು ಮಲಗಿಸಿದಂತಾಗುತ್ತದೆ ಎನಿಸುತ್ತದೆ. ಹೇಳದಿದ್ದರೆ ಅವಳದನ್ನು ನನ್ನದು ಮಾಡಿಕೊಂಡಂತೆ. ಎರಡರ ನಡುವೆ ಪಾಠ ಮುಗಿದುಹೋಗುತ್ತದೆ.

ಒಂದು ಬಿಡುವಿನ ದಿನ ಹಿರಿಯೂರಿಗೆ ಹೋಗಿದ್ದೆ. ಧರ್ಮಪುರದವಳು ಅಜ್ಜಿಯನ್ನು ಕುರ್ಚಿಗೆ ಕೂರಿಸುವ ಹೊತ್ತು. ಅಭ್ಯಾಸಬಲದಿಂದ ಮಂಚದ ಹತ್ತಿರ ಹೋದೆ. ಅಜ್ಜಿ, "ನೀನು ಬ್ಯಾಡ, ಅವಳು ಎತ್ತಲಿ. ನೀನು ಸ್ವಲ್ಪ ಆಚೆಗಿರು" ಎಂದಳು. ನಡುಮನೆಗೆ ಬಂದು ಕೂತೆ. ಒಳಗೆ ಬಾಗಿಲು ಮುಂದೆ ಮಾಡಿದ ಸದ್ದು, ಅವಳು ಮೆಲ್ಲಗೆ ಏನೋ ಹೇಳಿದ್ದು, ಅಜ್ಜಿ "ಹೂಂ, ಎತ್ತೀಗ" ಎಂದದ್ದು ಕೇಳಿಸಿತು. ಆಮೇಲೆ ನನ್ನನ್ನು ಕರೆದರು. ಅಜ್ಜಿ ಸೀರೆಯುಟ್ಟು ಕುರ್ಚಿಯಲ್ಲಿ ಕೂತಿದ್ದಳು. ಬೇಜಾರಿಲ್ಲದೆ ಮಾತಾಡಿದಳು; ನನ್ನ ಗಂಡನ ಕುರಿಗಳ ವಿಷಯ ಕೇಳಿದಳು, ಧರ್ಮಪುರದವಳ ಮುದ್ದೆಗೆ ಗಂಟು ಕಟ್ಟುತ್ತದೆಂದು ದೂರಿದಳು. ಕ್ಷಮಿಸು ಅಜ್ಜಿ ಎನ್ನಬೇಕೆಂದು ದಾರಿಯುದ್ದಕ್ಕೂ ನೆನೆದುಕೊಂಡು ಬಂದಿದ್ದೆ. ಹಾಗೆ ಹೇಳಿದರೆ ಅವಳು ಮತ್ತೆ ಆ ವಿಡಿಯೋವನ್ನು ನೆನೆಯಬೇಕಾಗುತ್ತದಲ್ಲ ಎಂದು ಸುಮ್ಮನಾದೆ. ಹೊರಡುವಾಗ, "ಸಂಕ್ರಾಂತಿಗೆ ಬಾ" ಎಂದಳು.

ಸಂಕ್ರಾಂತಿಗೆ ಹೋಗಲಾಗಲಿಲ್ಲ. ಹೊಸ ಬ್ಯಾಚು ಶುರುವಾಗಿತ್ತು. ಹೋದ ವಾರ ಧರ್ಮಪುರದವಳು ಫೋನು ಮಾಡಿದ್ದಳು. "ಅಕ್ಕ, ಅಜ್ಜಿ ಊಟ ಕಮ್ಮಿ ಮಾಡವ್ಳೆ. ನೀನು ಬಂದ್ಯಾ ಅಂತ ಎರಡು ಸಲ ಕೇಳಿದ್ಲು" ಎಂದಳು. ಈ ಭಾನುವಾರ ಹೊಳಲ್ಕೆರೆಯಲ್ಲಿ ತರಬೇತಿ ಇದೆ, ಜನ ಆಗಲೇ ಹೆಸರು ಕೊಟ್ಟಿದ್ದಾರೆ. ಅದು ಮುಗಿಸಿ ಮುಂದಿನ ವಾರ ಬರುತ್ತೇನೆಂದು ಅವಳಿಗೆ ಹೇಳಿದೆ. ಅವಳು "ಸರಿ ಅಕ್ಕ" ಎಂದು ಫೋನಿಟ್ಟಳು.